ಮೀನಿಗೆ ವಯಸ್ಸೆಷ್ಟು?

ಗಂಡಸರ ಸಂಬಳವನ್ನೂ ಹೆಂಗಸರ ವಯಸ್ಸನ್ನೂ ಕೇಳಬಾರದೆಂದು ಹಿರಿಯರು ಹೇಳುತ್ತಾರೆ. ಮೀನಿನ ವಯಸ್ಸನ್ನು ಕೇಳಬಾರದೆಂದು ಯಾರೂ ಹೇಳಿಲ್ಲವಾದ್ದರಿಂದ ನಾವು ಕೇಳಿಯೇಬಿಟ್ಟೆವು. ಕೇಳಿದ್ದು ಒಂದು ಸಣ್ಣ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ನಮಗೆ ಸಿಕ್ಕಿದ್ದು ಮೀನಿನ ವಿಷಯ ಮಾತ್ರವಲ್ಲ. ಆದ್ದರಿಂದ ಅದನ್ನು ನಮ್ಮ ವಿದ್ಯಾರ್ಥಿ ಮಿತ್ರರ ಮುಂದಿಡಬೇಕೆನ್ನಿಸಿತು.

2023ರ ಬೇಸಿಗೆ ರಜೆಯಲ್ಲಿ ನಾವು ತಿರುಪ್ಪೂರಿಗೆ ಹೋಗಿದ್ದೆವು. ಅಲ್ಲಿ ಅವಿನಾಶಿಗೆ ಹೋಗುವ ರಸ್ತೆಯ ಬದಿಯ ಒಂದು ಬಡಾವಣೆಯಲ್ಲಿ ನಮ್ಮ ದೊಡ್ಡಮ್ಮನ ಮಗಳು, ನಾವು ಅಕ್ಕ ಎಂದು ಕರೆಯುವಾಕೆ, ತನ್ನ ಮಗನೊಡನೆ ಇದ್ದಾಳೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಹೊಸ್ತಿಲೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಎನ್ನುವ ಮನೆಗಳು ಅನೇಕ. ಮಗ್ಗದ ಕೆಲಸದ ದೇವಾಂಗದವರೂ ಬೇಸಾಯದ ಒಕ್ಕಲಿಗರೂ ತಲೆಮಾರುಗಳಿಂದ ಅಲ್ಲಿ ನೆಲೆಸಿದವರು. ಅಂಥ ಮನೆಗಳಲ್ಲಿ ನಮ್ಮದೂ ಒಂದು. ಅಕ್ಕ ಇಪ್ಪತ್ತು ವರ್ಷಗಳಿಂದ ಬನಿಯನ್ ಕಂಪನಿಯೊಂದರಲ್ಲಿ ಹೊಲಿದ ಬಟ್ಟೆಯ ನೂಲು ಕತ್ತರಿಸುವ ಕೆಲಸದಲ್ಲಿದ್ದಾಳೆ. ಮಗನಿಗೂ ಬನಿಯನ್ ಕಂಪನಿಯಲ್ಲೇ ಉದ್ಯೋಗ. ಜೊತೆಗೆ ಬಣ್ಣದ ಮೀನು ಸಾಕಿ ಮಾರುವ ಹವ್ಯಾಸ. ಮನೆಯ ಮುಂದೆ ಸಿಮೆಂಟಿನ ತೊಟ್ಟಿ ಕಟ್ಟಿಸಿ ಅದರಲ್ಲಿ ಕೊಯಿ ಮೀನುಗಳನ್ನು ಬಿಟ್ಟಿದ್ದಾನೆ.

ಕೊಯಿ ಎಂದರೆ ಜಪಾನೀ ಭಾಷೆಯಲ್ಲಿ ಗೆಂಡೆಮೀನು, ಅಷ್ಟೇ. ಬಣ್ಣದ ಗೆಂಡೆಗೆ ಅವರು ನಿಷಿಕಿಗೊಯಿ ಎನ್ನುತ್ತಾರೆ. ನಿಷಿಕಿ ಎಂದರೆ ಚಿತ್ತಾರ ನೇಯ್ದ ರೇಷ್ಮೆ. ಜಪಾನಿನ ನೀಗಾತ ಎಂಬ ಗುಡ್ಡಗಾಡಿನ ಭತ್ತದ ರೈತರು ಊಟಕ್ಕೆಂದು ಸಾಕಿದ ಕಪ್ಪು ಗೆಂಡೆಗಳಲ್ಲಿ ಅಪರೂಪಕ್ಕೊಮ್ಮೆ ಬಣ್ಣದ್ದು ಹುಟ್ಟುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಅವುಗಳನ್ನೇ ಆಯ್ದು ತಳಿ ಬೆಳೆಸಿದರು. 1914ರಲ್ಲಿ ಟೋಕಿಯೋ ನಗರದ ವಸ್ತುಪ್ರದರ್ಶನದಲ್ಲಿ ಇಟ್ಟಾಗ ಲೋಕ ಅವುಗಳನ್ನು ಕಂಡಿತು. ಬಣ್ಣವಿಲ್ಲದ ಸಾಮಾನ್ಯ ಗೆಂಡೆಯೂ ನಮ್ಮ ನಾಡಿಗೆ ಹೊರಗಿನಿಂದಲೇ ಬಂದದ್ದು. 1939ರಲ್ಲಿ ಅದನ್ನು ಸಿಂಹಳದಿಂದ ತಂದು ಕೊಯಮತ್ತೂರಿನ ಮೇಲಿನ ನೀಲಗಿರಿಯಲ್ಲಿ ಬಿಟ್ಟರು. 1957ರಲ್ಲಿ ಬ್ಯಾಂಕಾಕಿನಿಂದ ಇನ್ನೊಂದು ತಳಿ ಬಂದು ಬಯಲುಸೀಮೆಯ ಕೆರೆಗಳಿಗೆ ಇಳಿಯಿತು.

ಅಕ್ಕನ ಮನೆಯಲ್ಲಿ ಎರಡು ಮೀನುಗಳು ನಮ್ಮ ಕಣ್ಣಿಗೆ ಬಿದ್ದವು. ಒಂದು ತೊಟ್ಟಿಯಲ್ಲಿ ಮೊಳದುದ್ದ ಬೆಳೆದು ಗಂಭೀರವಾಗಿ ಸುತ್ತುತ್ತಿತ್ತು. ಇನ್ನೊಂದು ನಡುಮನೆಯ ಗಾಜಿನ ಪೆಟ್ಟಿಗೆಯಲ್ಲಿ ಗೇಣುದ್ದವೂ ಇಲ್ಲದೆ ಅತ್ತಿಂದಿತ್ತ ಓಡಾಡುತ್ತಿತ್ತು. “ಇದಕ್ಕೆ ವಯಸ್ಸೆಷ್ಟಪ್ಪ?” ಎಂದು ಹುಡುಗನನ್ನು ಕೇಳಿದೆವು.

“ನಾವು ಇಂಚಿನ ಲೆಕ್ಕದಲ್ಲಿ ಮಾರುತ್ತೇವೆ ಮಾಮಾ. ವರ್ಷ ಯಾರೂ ಕೇಳುವುದಿಲ್ಲ. ನೀವೇ ಹೇಳಿ ನೋಡೋಣ” ಎಂದ.

ನಾವು ಉಪಾಧ್ಯಾಯರು, ಗೊತ್ತಿಲ್ಲ ಎನ್ನುವುದು ನಮ್ಮ ಬಾಯಿಂದ ಸುಲಭವಾಗಿ ಬರುವ ಮಾತಲ್ಲ. ತೊಟ್ಟಿಯದಕ್ಕೆ ಹತ್ತು, ಗಾಜಿನದಕ್ಕೆ ಒಂದು ಎಂದು ತೀರ್ಪು ಕೊಟ್ಟೆವು. ಹುಡುಗ ನಕ್ಕುಬಿಟ್ಟ. ಎರಡನ್ನೂ 2019ರಲ್ಲಿ ಒಂದೇ ದಿನ, ಒಂದೇ ಮರಿಗಳ ರಾಶಿಯಿಂದ, ಬೆರಳುದ್ದ ಇದ್ದಾಗ ತಂದದ್ದಂತೆ. ಒಂದಕ್ಕೆ ನೀರು, ಜಾಗ, ತೀನಿ ಧಾರಾಳವಾಗಿ ಸಿಕ್ಕಿತು. ಇನ್ನೊಂದಕ್ಕೆ ಸಿಕ್ಕಲಿಲ್ಲ. ಎರಡಕ್ಕೂ ನಾಲ್ಕೇ ವರ್ಷ.

ಅಕ್ಕ ಬಾಗಿಲಲ್ಲಿ ಕುಳಿತು ಹೂ ಕಟ್ಟುತ್ತಿದ್ದವಳು ತಲೆಯೆತ್ತದೆ ಹೇಳಿದಳು: “ನನ್ನನ್ನೂ ಹಾಗೇ ಅಳೆದರಲ್ಲವೇನೋ?”

ಆ ಮಾತು ನಮಗೆ ತಟ್ಟನೆ ಅರ್ಥವಾಯಿತು. ಓದುವ ಮಕ್ಕಳಿಗೆ ಅರ್ಥವಾಗಲಾರದು. ಆದ್ದರಿಂದ ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು.

ನಮ್ಮ ಹಳ್ಳಿ ಉಡುಮಲೈಪೇಟೆಯ ಕಡೆಯದು. ಅಂದು ಕೊಯಮತ್ತೂರು ಜಿಲ್ಲೆ. 2009ರಲ್ಲಿ ಹೊಸ ಜಿಲ್ಲೆಯಾದ ಮೇಲೆ ತಿರುಪ್ಪೂರು ಜಿಲ್ಲೆ. ನಮ್ಮ ಬಾಲ್ಯದಲ್ಲಿ ಆ ಕಡೆ ಜನನದ ಚೀಟಿ ಎನ್ನುವುದನ್ನು ಕಂಡವರು ಕಡಿಮೆ. 1969ರಲ್ಲೇ ಜನನ ಮರಣಗಳ ನೋಂದಣಿಗೆ ಕಾನೂನು ಬಂದಿದ್ದರೂ ಮನೆಯಲ್ಲಿ ಹೆತ್ತ ಮಗುವನ್ನು ಬರೆಸಲು ಯಾರೂ ಹೋಗುತ್ತಿರಲಿಲ್ಲ. ಹಾಗೆಂದು ತಾಯಂದಿರಿಗೆ ಮಕ್ಕಳ ವಯಸ್ಸು ತಿಳಿದಿರಲಿಲ್ಲವೆಂದಲ್ಲ. ಅವರ ಪಂಚಾಂಗ ಬೇರೆ. ಅಮರಾವತಿ ಅಣೆಕಟ್ಟಿನ ಕೆಲಸ ಮುಗಿದ ವರ್ಷ, ಹಿಂದಿ ಗಲಾಟೆಯ ವರ್ಷ, ಬಾವಿ ಬತ್ತಿದ ವರ್ಷ ಎಂದು ಅವರು ಎಣಿಸುತ್ತಿದ್ದರು. ಎಂ.ಜಿ.ಆರ್. ಮೊದಲ ಸಲ ಮುಖ್ಯಮಂತ್ರಿಯಾದ ಮೇಲೆ ಬಂದ ಆಡಿ ತಿಂಗಳಲ್ಲಿ ಅಕ್ಕ ಹುಟ್ಟಿದಳು. ಮರುವರ್ಷದ ಚಿತ್ತಿರೈ ತಿಂಗಳಲ್ಲಿ ನಾವು. ಎಂ.ಜಿ.ಆರ್. ಅಧಿಕಾರಕ್ಕೆ ಬಂದದ್ದು 1977ರ ಜೂನ್ 30ರಂದು. ಲೆಕ್ಕ ಹಾಕಿದರೆ ಅಕ್ಕ ನಮಗಿಂತ ಸುಮಾರು ಒಂಬತ್ತು ತಿಂಗಳಿಗೆ ದೊಡ್ಡವಳು. ದೊಡ್ಡಮ್ಮನ ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

1983ರ ಜೂನಿನಲ್ಲಿ ಇಬ್ಬರನ್ನೂ ಶಾಲೆಗೆ ಸೇರಿಸಲು ಕರೆದುಕೊಂಡು ಹೋದರು. ಅಂದಿನ ಪರೀಕ್ಷೆ ಏನೆಂದು ನಿಮ್ಮ ತಾತಂದಿರನ್ನು ಕೇಳಿ. ಬಲಗೈಯನ್ನು ನೆತ್ತಿಯ ಮೇಲಿನಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದರೆ ಐದು ತುಂಬಿತು, ಇಲ್ಲವಾದರೆ ಇಲ್ಲ. ನಮ್ಮ ಮನೆಯಲ್ಲಿ ಎಮ್ಮೆ ಇತ್ತು, ಹಾಲಿತ್ತು. ನಮ್ಮ ಕೈ ಕಿವಿಯನ್ನು ಹಿಡಿದು ಎಳೆಯುವಷ್ಟು ಉದ್ದವಿತ್ತು. ದೊಡ್ಡಪ್ಪ ತೀರಿಕೊಂಡು ದೊಡ್ಡಮ್ಮ ಕೂಲಿಗೆ ಹೋಗುತ್ತಿದ್ದ ಕಾಲ. ಅಕ್ಕನ ಮನೆಯಲ್ಲಿ ಒಂದು ಹೊತ್ತಿನ ಒಲೆ. ಅವಳ ಬೆರಳು ಕಿವಿಯ ಮೇಲಿನ ಕೂದಲಿಗೇ ನಿಂತಿತು. “ಆಡಿ ತಿಂಗಳಿಗೆ ಇವಳಿಗೆ ಆರು ತುಂಬುತ್ತದೆ ಸ್ವಾಮಿ” ಎಂದು ದೊಡ್ಡಮ್ಮ ಹೇಳಿದಳು. ಮೇಜಿನ ಹಿಂದಿನವರು ಅದನ್ನು ಬರೆದುಕೊಳ್ಳಲಿಲ್ಲ. ಕೈ ಹೇಳಿದ್ದನ್ನು ಬರೆದುಕೊಂಡರು. ನಮಗೆ ಜೂನ್ 1 ಎಂದು ಒಂದು ಹುಟ್ಟುಹಬ್ಬವನ್ನು ಕೊಟ್ಟರು. ಅದು ಇಂದಿಗೂ ನಮ್ಮ ಸೇವಾಪುಸ್ತಕದಲ್ಲಿದೆ. ಅಕ್ಕನನ್ನು ಮುಂದಿನ ವರ್ಷ ಬಾ ಎಂದು ಕಳುಹಿಸಿದರು.

ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ಅದಕ್ಕೆ ಹಿಂದಿನ ವರ್ಷ, 1982ರ ಜುಲೈ 1ರಿಂದ, ಎಂ.ಜಿ.ಆರ್. ಸರಕಾರ ಸತ್ತುಣವು ಎಂಬ ಮಧ್ಯಾಹ್ನದ ಊಟದ ಯೋಜನೆಯನ್ನು ಆರಂಭಿಸಿತ್ತು. ನಮ್ಮ ಶಾಲೆಯಲ್ಲೂ ಬಿಸಿ ಅನ್ನ ಬೇಯುತ್ತಿತ್ತು. ಹೊಟ್ಟೆ ತುಂಬಿದ್ದ ನಾವು ಸಾಲಿನಲ್ಲಿ ತಟ್ಟೆ ಹಿಡಿದು ಕುಳಿತೆವು. ಆ ಅನ್ನ ಯಾರಿಗೆ ಬೇಕಾಗಿತ್ತೋ ಅವಳ ಕೈ ಕಿವಿಗೆ ಮುಟ್ಟದೆ ಹೋದದ್ದರಿಂದ ಅವಳು ಆಡು ಮೇಯಿಸಲು ಹೋದಳು. ಮರುವರ್ಷ ತಮ್ಮನನ್ನು ನೋಡಿಕೊಳ್ಳುವ ಕೆಲಸ ಬಿತ್ತು. ಕೊನೆಗೆ ಕೈ ಮುಟ್ಟಿ ಒಂದನೆಯ ತರಗತಿಗೆ ಸೇರಿದಾಗ ಅವಳಿಗೆ ಎಂಟು. ಚಿಕ್ಕ ಮಕ್ಕಳ ನಡುವೆ ನಾಚಿಕೊಂಡು ಕುಳಿತು ಎರಡು ವರ್ಷ ಕಲಿತು ಬಿಟ್ಟುಬಿಟ್ಟಳು.

ಹಾಗಾದರೆ ಉದ್ದ ನೋಡಿ ವಯಸ್ಸು ಹೇಳುವುದು ಮೀನಿಗೂ ಸಲ್ಲ, ಮನುಷ್ಯನಿಗೂ ಸಲ್ಲ. ಮತ್ತೆ ಹೇಗೆ ಹೇಳಬೇಕು? ಇದನ್ನು ತಿಳಿಯದೆ ಊರಿಗೆ ಹಿಂದಿರುಗಲು ನಮಗೆ ಮನಸ್ಸಾಗಲಿಲ್ಲ. ಹುಡುಗ ತೊಟ್ಟಿಯ ಮೀನನ್ನು ಬಲೆಯಲ್ಲಿ ಎತ್ತಿದಾಗ ಉದುರಿದ ಮೂರು ಹುರುಪೆಗಳನ್ನು ಒಂದು ಲಕೋಟೆಯಲ್ಲಿ ಹಾಕಿಕೊಟ್ಟ. ಗಾಜಿನ ಪೆಟ್ಟಿಗೆಯ ಬಡಪಾಯಿಯನ್ನು ಅಂದೇ ತೊಟ್ಟಿಗೆ ಬಿಡಿಸಿದೆವು.

ಆನೆಮಲೆಯ ತೇಗದ ದಿಮ್ಮಿಯನ್ನು ಅಡ್ಡ ಕೊಯ್ದಾಗ ಉಂಗುರಗಳು ಕಾಣುವುದನ್ನು ನಾವು ಹುಡುಗರಾಗಿದ್ದಾಗಲೇ ನೋಡಿದ್ದೆವು. ಮೀನಿನ ಹುರುಪೆಯಲ್ಲೂ ಅಂಥ ಉಂಗುರಗಳಿವೆ. ಹುಟ್ಟಿದ ಕೆಲವೇ ವಾರಗಳಲ್ಲಿ ಮೀನಿನ ಮೈಮೇಲೆ ಹುರುಪೆಗಳು ಮೂಡುತ್ತವೆ. ಆಮೇಲೆ ಅವುಗಳ ಸಂಖ್ಯೆ ಹೆಚ್ಚುವುದಿಲ್ಲ. ಮೀನು ಬೆಳೆದಂತೆ ಪ್ರತಿಯೊಂದು ಹುರುಪೆಯೂ ಅಂಚಿನಲ್ಲಿ ಬೆಳೆಯುತ್ತದೆ. ಬೆಳೆಯುತ್ತ ಕೂದಲಿಗಿಂತ ಸಣ್ಣ ಗೆರೆಗಳನ್ನು ಸುತ್ತಲೂ ಎಳೆದುಕೊಳ್ಳುತ್ತದೆ. ಮೀನು ಚೆನ್ನಾಗಿ ಉಂಡು ಬೆಳೆಯುವಾಗ ಗೆರೆಗಳ ನಡುವೆ ಅಂತರ ಹೆಚ್ಚು. ಬೆಳವಣಿಗೆ ಕುಂಠಿತವಾದಾಗ ಗೆರೆಗಳು ಒತ್ತೊತ್ತಾಗಿ ಸೇರಿ ಒಂದು ಕಪ್ಪು ಪಟ್ಟೆಯಂತೆ ಕಾಣುತ್ತವೆ. ಜಪಾನಿನಂಥ ಚಳಿಯ ದೇಶದಲ್ಲಿ ಮಾಗಿಯಲ್ಲಿ ಕೊಯಿ ತಿನ್ನುವುದನ್ನೇ ಬಿಟ್ಟುಬಿಡುತ್ತದೆ. ಆದ್ದರಿಂದ ವರ್ಷಕ್ಕೊಂದು ಪಟ್ಟೆ. ಪಟ್ಟೆಗಳನ್ನು ಎಣಿಸಿದರೆ ಎಷ್ಟು ಮಾಗಿ ಕಂಡಿದೆ ಎಂದು ಹೇಳಬಹುದು. ಮೀನು ತನ್ನ ವಯಸ್ಸನ್ನು ಬರೆದುಕೊಳ್ಳುವುದು ಉಂಡ ದಿನಗಳಿಂದಲ್ಲ, ಉಪವಾಸದ ದಿನಗಳಿಂದ.

ಶಾಲೆ ತೆರೆದ ಮೇಲೆ ವಿಜ್ಞಾನದ ಉಪಾಧ್ಯಾಯರ ಕೃಪೆಯಿಂದ ಒಂಬತ್ತನೆಯ ತರಗತಿಯ ಮಕ್ಕಳೊಡನೆ ಸೂಕ್ಷ್ಮದರ್ಶಕದ ಮುಂದೆ ಕುಳಿತೆವು. ಮೀನಿನ ವಯಸ್ಸು ನಮಗೆ ಗೊತ್ತಿತ್ತು; ಮಕ್ಕಳಿಗೆ ಹೇಳಿರಲಿಲ್ಲ. ಮೊದಲನೆಯ ಹುರುಪೆಯ ನಡುಭಾಗದಲ್ಲಿ ಗೆರೆಗಳೇ ಇರಲಿಲ್ಲ, ಬರೀ ಮಸುಕು. ಮಕ್ಕಳು ಗಾಜನ್ನು ಮತ್ತೆ ಮತ್ತೆ ಒರೆಸಿದರು. ದೋಷ ಗಾಜಿನದಲ್ಲ. ಹುರುಪೆ ಒಮ್ಮೆ ಉದುರಿದರೆ ಆ ಜಾಗದಲ್ಲಿ ಹೊಸದು ಬೇಗಬೇಗ ಬೆಳೆದು ತುಂಬಿಕೊಳ್ಳುತ್ತದೆ. ತಾನು ಬರುವುದಕ್ಕೆ ಮುಂಚಿನ ವರ್ಷಗಳ ಸುದ್ದಿ ಅದಕ್ಕೆ ತಿಳಿಯದು. ಆದ್ದರಿಂದಲೇ ಒಂದು ಹುರುಪೆಯನ್ನು ನಂಬಬಾರದು, ಹಲವನ್ನು ನೋಡಬೇಕು ಎನ್ನುತ್ತಾರೆ ಬಲ್ಲವರು.

ಎರಡನೆಯದರಲ್ಲೂ ಮೂರನೆಯದರಲ್ಲೂ ಗೆರೆಗಳು ಸ್ಪಷ್ಟವಾಗಿದ್ದವು. ಆದರೆ ಒಬ್ಬ ಮೂರು ಪಟ್ಟೆ ಎಂದ, ಇನ್ನೊಬ್ಬಳು ಐದು ಎಂದಳು, ಮತ್ತೊಬ್ಬ ಆರಕ್ಕೂ ಹೋದ. ಕಾರಣವಿಲ್ಲದಿಲ್ಲ. ತಿರುಪ್ಪೂರಿನಲ್ಲಿ ಹಿಮ ಬೀಳುವ ಮಾಗಿ ಎಲ್ಲಿದೆ? ಅಲ್ಲಿ ಮೀನು ವರ್ಷವಿಡೀ ಬೆಳೆಯುತ್ತದೆ. ವರ್ಷ ತುಂಬುವ ಮೊದಲೇ ಮೊಟ್ಟೆಯಿಡುವಷ್ಟು ಪ್ರಾಯಕ್ಕೆ ಬರುವುದೂ ಉಂಟು. ಬೇಸಿಗೆಯಲ್ಲಿ ನೀರು ಕೆಟ್ಟರೂ, ರೋಗ ಬಂದರೂ, ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಬದಲಾಯಿಸಿದರೂ ಬೆಳವಣಿಗೆ ನಿಂತು ಒಂದು ಸುಳ್ಳು ಪಟ್ಟೆ ಮೂಡಬಹುದು. ಕಷ್ಟ ಬಂದದ್ದು ನಿಜ. ಅದು ವರ್ಷಕ್ಕೊಮ್ಮೆಯೇ ಬಂದಿತೆಂದು ಹೇಳುವುದು ಹೇಗೆ?

ಈ ಸಂದರ್ಭದಲ್ಲಿ ಒಬ್ಬ ಹುಡುಗ ಎದ್ದುನಿಂತು, “ಸಾರ್, ಜಪಾನಿನಲ್ಲಿ ಇನ್ನೂರು ವರ್ಷದ ಕೊಯಿ ಇತ್ತಂತೆ, ನಿಜವೇ?” ಎಂದು ಕೇಳಿದ. ಅದರ ಹೆಸರು ಹನಾಕೊ. ಗಿಫು ಪ್ರಾಂತದ ಬೆಟ್ಟದ ಊರಿನ ಕೊಳವೊಂದರಲ್ಲಿದ್ದ ಕೆಂಪು ಮೀನು. ಅದರ ಒಡೆಯರಾದ ಕೋಮೈ ಕೋಷಿಹಾರಾ ಎಂಬುವರು ಅದರ ಹುರುಪೆಗಳನ್ನು ನಗೋಯಾದ ಒಬ್ಬ ಪ್ರಾಧ್ಯಾಪಕರಿಗೆ ಕೊಟ್ಟು ಪರೀಕ್ಷೆ ಮಾಡಿಸಿದರು. ಉಂಗುರ ಎಣಿಸಿ 215 ವರ್ಷ ಎಂದು ಬಂದಿತು. 1966ರಲ್ಲಿ ಅವರು ಇದನ್ನು ಜಪಾನಿನ ರೇಡಿಯೋದಲ್ಲಿ ಹೇಳಿದರು. 1977ರ ಜುಲೈನಲ್ಲಿ ಹನಾಕೊ ಸತ್ತಾಗ 226 ವರ್ಷ ಎಂದಾಯಿತು. ಅಂದರೆ 1751ರ ಹುಟ್ಟು. ಆಗ ಕೊಯಮತ್ತೂರು ಮೈಸೂರು ಅರಸರ ಕೈಯಲ್ಲಿತ್ತು. ಆ ಸುಮಾರಿನಲ್ಲೇ ಹುಟ್ಟಿದ ಟಿಪ್ಪುಸುಲ್ತಾನನ ವರ್ಷವನ್ನೇ ಕೆಲವು ಪುಸ್ತಕಗಳು 1750 ಎಂದೂ ಕೆಲವು 1751 ಎಂದೂ ಬರೆಯುತ್ತವೆ. ಸುಲ್ತಾನನ ಗತಿಯೇ ಹೀಗಿರುವಾಗ ಮೀನಿನದೇನು! ಚೆನ್ನಾಗಿ ಸಾಕಿದ ಕೊಯಿ ಇಪ್ಪತ್ತು ಮೂವತ್ತು ವರ್ಷ ಬಾಳುತ್ತದೆ. ಕೆಲವು ಐವತ್ತನ್ನೂ ಮುಟ್ಟುತ್ತವೆ. ಹನಾಕೊಳ ಲೆಕ್ಕವನ್ನು ಬೇರೆ ಯಾವ ವಿಧಾನದಿಂದಲೂ ತಾಳೆ ನೋಡಿಲ್ಲ. ಆದ್ದರಿಂದ ಮೀನುಶಾಸ್ತ್ರದವರಲ್ಲಿ ಅನೇಕರು ಅದನ್ನು ಒಪ್ಪುವುದಿಲ್ಲ.

ಹಾಗಾದರೆ ತಾಳೆ ನೋಡುವ ವಿಧಾನ ಯಾವುದು? ಇಲ್ಲಿಯೇ ನಮಗೆ ನಗುವೂ ಬಂತು, ಅಳುವೂ ಬಂತು. ಮೀನಿನ ನಿಜವಾದ ವಯಸ್ಸು ಇರುವುದು ಕಿವಿಯಲ್ಲಿ! ಮೀನಿಗೆ ಹೊರಗಿವಿ ಇಲ್ಲ, ತಲೆಯೊಳಗೆ ಒಳಗಿವಿಯಿದೆ. ಅದರಲ್ಲಿ ಸುಣ್ಣದಂಥ ಮೂರು ಜೊತೆ ಸಣ್ಣ ಕಲ್ಲುಗಳಿವೆ. ಈ ಕಿವಿಗಲ್ಲು ಮೀನು ಮರಿಯಾಗಿದ್ದಾಗಿನಿಂದ ಸಾಯುವವರೆಗೆ ಪದರ ಪದರವಾಗಿ ಬೆಳೆಯುತ್ತದೆ. ಮುಖ್ಯ ವಿಷಯವೆಂದರೆ, ತೀನಿಯಿಲ್ಲದೆ ಮೈ ಬೆಳೆಯದೆ ನಿಂತರೂ ಕಲ್ಲಿನ ಪದರ ನಿಲ್ಲುವುದಿಲ್ಲ. ಮುದಿ ಮೀನಿನಲ್ಲಿ ಹುರುಪೆಯ ಅಂಚು ಸವೆದು ಲೆಕ್ಕ ತಪ್ಪುತ್ತದೆ, ಕಿವಿಗಲ್ಲು ಸವೆಯುವುದಿಲ್ಲ. ಉಂಡವನಿಗೂ ಉಣ್ಣದವನಿಗೂ ಅದು ಒಂದೇ ನ್ಯಾಯದಿಂದ ವರ್ಷವನ್ನು ಬರೆಯುತ್ತದೆ. ಆದರೆ ಅದನ್ನು ಓದಬೇಕಾದರೆ ಮೀನು ಸಾಯಬೇಕು. ತಲೆಯನ್ನು ಸೀಳಿ, ಕಲ್ಲನ್ನು ತೆಗೆದು, ತೆಳ್ಳಗೆ ಕೊಯ್ದು ನೋಡಬೇಕು. ಪ್ರೀತಿಯಿಂದ ಸಾಕಿದ ಮೀನಿಗೆ ಇದನ್ನು ಯಾರು ಮಾಡಿಯಾರು?

ಅಮೆರಿಕೆಯ ಸಿಹಿನೀರಿನಲ್ಲಿ ಬಫೆಲೋ ಎಂಬ ಮೀನಿದೆ. ಗೆಂಡೆಯ ದೂರದ ದಾಯಾದಿ. ಅದು ಸುಮಾರು 26 ವರ್ಷ ಬಾಳುತ್ತದೆಂದು ತಿಳಿದಿದ್ದರು. 2019ರಲ್ಲಿ ಕಿವಿಗಲ್ಲನ್ನು ಕೊಯ್ದು ಎಣಿಸಿದವರಿಗೆ ಒಂದು ಮೀನು 112 ವರ್ಷದ್ದೆಂದು ಕಂಡಿತು. ಅವರು ಎಣಿಕೆಯನ್ನಷ್ಟೇ ನಂಬಿ ಕೂರಲಿಲ್ಲ. 1950, 60ರ ದಶಕಗಳಲ್ಲಿ ರಾಷ್ಟ್ರಗಳು ನಡೆಸಿದ ಅಣುಬಾಂಬಿನ ಪರೀಕ್ಷೆಗಳಿಂದ ಲೋಕದ ಗಾಳಿ ನೀರುಗಳಲ್ಲಿ ಒಂದು ಬಗೆಯ ಇಂಗಾಲ ಹೆಚ್ಚಿತ್ತು. ಅದರ ಗುರುತು ಕಲ್ಲಿನ ಯಾವ ಪದರದಲ್ಲಿದೆ ಎಂದು ನೋಡಿ ಲೆಕ್ಕವನ್ನು ಒರೆಗೆ ಹಚ್ಚಿದರು. ನಮ್ಮ ದೊಡ್ಡಮ್ಮ ಎಂ.ಜಿ.ಆರ್. ಬಂದ ವರ್ಷ ಎಂದು ಗುರುತಿಟ್ಟಂತೆಯೇ ಇದು. ನೋಡಿ, ತಪ್ಪು ಎರಡು ಕಡೆಗೂ ಆಗುತ್ತದೆ. ಒಂದು ಮೀನಿಗೆ ಇಲ್ಲದ ವರ್ಷಗಳನ್ನು ಕೂಡಿಸಿದಂತಿದೆ. ಇನ್ನೊಂದಕ್ಕೆ ಇದ್ದ ವರ್ಷಗಳನ್ನು ಕಳೆದಿದ್ದರು.

ಅಂದು ತಿರುಪ್ಪೂರಿನಿಂದ ಹಿಂದಿರುಗುವ ಮುನ್ನ ಅಕ್ಕನೊಡನೆ ಅವಿನಾಶಿಯ ದೇವಸ್ಥಾನಕ್ಕೆ ಹೋಗಿದ್ದೆವು. ಆ ಸ್ಥಳದ ಕಥೆಯನ್ನು ನೀವು ಕೇಳಬೇಕು. ಹರಿಹರ ಕವಿಯ ರಗಳೆಯಿಂದ ಕನ್ನಡಿಗರಿಗೆ ನಂಬಿಯಣ್ಣನೆಂದು ಪರಿಚಿತನಾದ ಸುಂದರಮೂರ್ತಿ ನಾಯನಾರ್ ಆ ಊರಿಗೆ ಬಂದಾಗ ಒಂದು ಮನೆಯಲ್ಲಿ ಉಪನಯನದ ವಾದ್ಯ, ಎದುರು ಮನೆಯಲ್ಲಿ ಅಳು. ಎರಡು ಮನೆಗಳಲ್ಲೂ ಒಂದೇ ಪ್ರಾಯದ ಹುಡುಗರಿದ್ದರು. ಮೀಯಲು ಹೋದಾಗ ಒಬ್ಬನನ್ನು ಮೊಸಳೆ ನುಂಗಿತ್ತು; ಉಳಿದವನಿಗೆ ಈಗ ಮುಂಜಿ. ಸುಂದರಮೂರ್ತಿ ಬತ್ತಿದ ಕೆರೆಯ ದಡದಲ್ಲಿ ನಿಂತು ಹಾಡಿದ. ನೀರು ಬಂತು, ಮೊಸಳೆ ಬಂತು, ನುಂಗಿದ ಮಗುವನ್ನು ಉಗುಳಿತು. ಆ ಮಗು ಹೋದಾಗ ಇದ್ದಷ್ಟೇ ಇರಲಿಲ್ಲ. ಕಳೆದ ವರ್ಷಗಳಿಗೆ ತಕ್ಕಂತೆ ಬೆಳೆದಿತ್ತು. ಅವನಿಗೂ ಉಪನಯನವಾಯಿತು. ಕಥೆ ಕಟ್ಟಿದವರು ಹುಡುಗ ಬದುಕಿ ಬಂದನೆಂದು ಹೇಳಿ ಸುಮ್ಮನಾಗಬಹುದಾಗಿತ್ತು. ಕಳೆದುಹೋದ ವರ್ಷಗಳನ್ನೂ ಅವನಿಗೆ ಹಿಂದಕ್ಕೆ ಕೊಡಿಸಿದರು. ಅಕ್ಕ ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದಾಳೆ. ಅಂದು ಮಾತ್ರ ಗೋಪುರದ ಕೆಳಗೆ ನಿಂತು, “ಅವನಿಗೆ ವಯಸ್ಸಿಗೆ ತಕ್ಕ ತರಗತಿ ಸಿಕ್ಕಿತು” ಎಂದು ನಕ್ಕಳು.

ಅಕ್ಕನಿಗೆ ತಿಳಿಯದೆಯೇ ಅವಳು ಒಂದು ಕಾನೂನಿನ ಮಾತನ್ನು ಆಡಿದ್ದಳು. 2009ರ ಶಿಕ್ಷಣ ಹಕ್ಕಿನ ಕಾಯಿದೆಯಲ್ಲಿ ಹಾಗೆಯೇ ಇದೆ. ಆರು ದಾಟಿಯೂ ಶಾಲೆ ಸೇರದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವನ್ನೂ ಹಿಂದಕ್ಕೆ ಕಳುಹಿಸಬಾರದು. 2010ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿದೆ. ಅಕ್ಕನ ಪಾಲಿಗೆ ಅದು ಇಪ್ಪತ್ತೇಳು ವರ್ಷ ತಡವಾಯಿತು.

ನಮ್ಮ ಮಕ್ಕಳ ಎಣಿಕೆಯ ಫಲಿತಾಂಶವನ್ನು ಹೇಳದೆ ಮುಗಿಸಬಾರದು. ಮೂರು ದಿನ ವಾದ ಮಾಡಿ, ಮಸುಕಾದ ಹುರುಪೆಯನ್ನು ಬದಿಗಿಟ್ಟು, ಉಳಿದೆರಡನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಎರಡರಲ್ಲೂ ಇದ್ದ ಪಟ್ಟೆಗಳನ್ನು ಮಾತ್ರ ಎಣಿಸಿದರು. ಹೆಚ್ಚಿನವರು ನಾಲ್ಕು ಎಂದರು. ಕೆಲವರು ಮೂರರಿಂದ ಕದಲಲಿಲ್ಲ. ನಾವು ಅಂದು ಸಂಜೆ ಫೋನಿನಲ್ಲಿ ಅಕ್ಕನಿಗೆ ಈ ಸಾಹಸವನ್ನೆಲ್ಲ ವರದಿ ಮಾಡಿದೆವು. ಅವಳು ಸಾವಧಾನವಾಗಿ ಕೇಳಿ, “ಅಷ್ಟು ಕಷ್ಟ ಯಾಕೋ? ಮರಿಗಳನ್ನು ತಂದ ದಿನ ತೊಟ್ಟಿಗೆ ಬಿಟ್ಟವಳು ನಾನೇ ಅಲ್ಲವೆ? ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆನಲ್ಲ” ಎಂದಳು.

ಮೀನುಶಾಸ್ತ್ರದವರ ಕೊನೆಯ ಮಾತೂ ಇದೇ. ಹುರುಪೆಯ ಎಣಿಕೆ ಸರಿಯೋ ತಪ್ಪೋ ಎಂದು ತಿಳಿಯಲು ಅವರು ಹುಟ್ಟಿದ ದಿನ ಗೊತ್ತಿರುವ ಮೀನುಗಳನ್ನು ಸಾಕಿ ನೋಡುತ್ತಾರೆ. ಕಣ್ಣಾರೆ ಕಂಡವರ ಮಾತಿಗಿಂತ ದೊಡ್ಡ ಅಳತೆಗೋಲು ಅವರಲ್ಲೂ ಇಲ್ಲ. 1983ರ ಜೂನಿನಲ್ಲಿ ಕಣ್ಣಾರೆ ಕಂಡವಳು ಮೇಜಿನ ಮುಂದೆಯೇ ನಿಂತು ಹೇಳಿದ್ದಳು.

ಈಗ ಪ್ರತಿ ವರ್ಷ ಜೂನಿನಲ್ಲಿ ನಮ್ಮ ಶಾಲೆಯ ದಾಖಲಾತಿಯ ಮೇಜಿನ ಹಿಂದೆ ನಾವೂ ಕೂರುತ್ತೇವೆ. ಎತ್ತರದ ಮಕ್ಕಳು ಬರುತ್ತಾರೆ, ಕುಳ್ಳರು ಬರುತ್ತಾರೆ. ಕಾಗದಪತ್ರ ಸರಿಯಾಗಿದ್ದರೂ ಜೊತೆಯಲ್ಲಿ ಬಂದ ತಾಯಿಯನ್ನು ಒಂದು ಮಾತು ಕೇಳುತ್ತೇವೆ: “ಇವನು ಹುಟ್ಟಿದ್ದು ಯಾವಾಗಮ್ಮ?” ಆಮೇಲೆ ಲೇಖನಿಯನ್ನು ಎತ್ತಿಕೊಳ್ಳುತ್ತೇವೆ.